ಇಂಗ್ಲೆಂಡಿನಲ್ಲಿ ನಾಲ್ಕು ಜನರ ನಡುವೆ ವೇಪ್: ಎಲ್ಲಿ ಸೇದಬಹುದು, ಎಲ್ಲಿ ಬೇಡ, ಊರಿಗೆ ಬರುವಾಗ ಏನು ಮಾಡಬೇಕು

ವೇಪ್, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟಿನ ವಿಷಯದಲ್ಲಿ ಒಂದೇ ಥರದ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಓದೋಕೆ, ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದವರು ಕೇಳುತ್ತಾರೆ: "ಇಲ್ಲಿ ಎಲ್ಲ ಕಡೆ ವೇಪ್ ಸೇದ್ತಾರಲ್ಲ, ಬಸ್ ಸ್ಟಾಪಲ್ಲಿ ಸೇದಬಹುದಾ, ಪಬ್ ಒಳಗೆ ನಡೆಯುತ್ತಾ?" ಸೇದದವರು ಕೇಳುತ್ತಾರೆ: "ಪಕ್ಕದವರು ಮುಖಕ್ಕೇ ಬಿಡ್ತಾರೆ, ಹೇಳಿದರೆ ಜಗಳ ಆಗುತ್ತಾ?" ಊರಲ್ಲಿರುವ ಅಪ್ಪ ಅಮ್ಮಂದಿರದು ಇನ್ನೊಂದು: "ಮಗ ರಜಕ್ಕೆ ಬರುವಾಗ ಅದನ್ನ ತಂದರೆ ಏರ್‌ಪೋರ್ಟಲ್ಲಿ ಹಿಡೀತಾರಾ?" ಮೂರಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಬಿಟ್ಟಿದೆ ಅಂದ ಮಾತ್ರಕ್ಕೆ ಪಕ್ಕದವರು ಒಪ್ಪಿದ್ದಾರೆ ಅಂತಲ್ಲ. ಇಲ್ಲಿ ವೇಪ್ ವಿಷಯದಲ್ಲಿ ಕಾನೂನು ಹೇಳುವುದು ಕಮ್ಮಿ, ಜಾಗದ ಮಾಲೀಕರು ಹೇಳುವುದು ಜಾಸ್ತಿ, ಪಕ್ಕದಲ್ಲಿ ನಿಂತವರು ಬಾಯಿ ಬಿಟ್ಟು ಹೇಳದೆ ಮನಸ್ಸಲ್ಲೇ ಇಟ್ಟುಕೊಳ್ಳುವುದು ಇನ್ನೂ ಜಾಸ್ತಿ. ಅದಕ್ಕೇ ಕೇಳಿ ಸೇದಬೇಕು.

ಇಲ್ಲಿನ ಜನ ಯಾಕೆ ಹೀಗೆ ಯೋಚಿಸುತ್ತಾರೆ

ಇಂಗ್ಲೆಂಡಿನಲ್ಲಿ ಪಬ್, ಆಫೀಸು, ಹೋಟೆಲ್ ಒಳಗೆ ಸಿಗರೇಟು ಸೇದುವುದು ನಿಂತದ್ದು 2007ರ ಜುಲೈ 1ಕ್ಕೆ. ಆಗ ವೇಪ್ ಇಲ್ಲಿ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ, ಹಾಗಾಗಿ ಆ ಕಾನೂನಿನೊಳಗೆ ಅದು ಬರಲಿಲ್ಲ. ಆಮೇಲೆ 2015ರಲ್ಲಿ ಸರ್ಕಾರದ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್, ವೇಪ್ ಸಿಗರೇಟಿಗಿಂತ ಸುಮಾರು ಶೇ 95ರಷ್ಟು ಕಡಿಮೆ ಹಾನಿ ಅಂತ ಅಂದಾಜು ಕೊಟ್ಟಿತು. ಆ ಅಂಕಿಯನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಸಿಗರೇಟು ಬಿಡಲು ವೇಪ್ ಒಂದು ದಾರಿ ಅನ್ನೋದು ಇಲ್ಲಿ ಸರ್ಕಾರದ ನೀತಿಯೇ ಆಯಿತು. 2023ರಲ್ಲಿ, ಸಿಗರೇಟು ಬಿಡುವ 10 ಲಕ್ಷ ಜನರಿಗೆ ವೇಪ್ ಕಿಟ್ ಕೊಡುವ ಯೋಜನೆಯನ್ನೂ ಸರ್ಕಾರ ಘೋಷಿಸಿತು. ನಮ್ಮೂರಿನಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಮಾರಿದರೆ ಜೈಲು, ಇಲ್ಲಿ ಸರ್ಕಾರವೇ ಕೊಡುತ್ತದೆ.

ಆದರೆ ಇದನ್ನೇ ನೆಪ ಮಾಡಿಕೊಳ್ಳಬೇಡಿ. ಇಲ್ಲಿನ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವುದು ಎರಡು ಮಾತು. ಸಿಗರೇಟು ಸೇದುವವರಿಗೆ ವೇಪ್ ಕಡಿಮೆ ಹಾನಿ. ಸಿಗರೇಟೇ ಸೇದದವರು ವೇಪ್ ಶುರು ಮಾಡಬಾರದು. ನಮ್ಮ ಹುಡುಗರು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಊರಲ್ಲಿ ಒಂದು ಬೀಡಿಯನ್ನೂ ಮುಟ್ಟದವರು ಇಲ್ಲಿ ಬಂದು ಮಾವಿನ ವಾಸನೆಯ ನಿಕೋಟಿನ್‌ಗೆ ಅಂಟಿಕೊಳ್ಳುವುದನ್ನು ನೋಡಿದರೆ ನಿಜವಾಗಿಯೂ ಸಂಕಟ ಆಗುತ್ತದೆ.

ಶಾಲೆಯ ಮಕ್ಕಳ ಕೈಗೆ ಬಣ್ಣಬಣ್ಣದ ಡಿಸ್ಪೋಸಬಲ್‌ಗಳು ಸಿಗೋಕೆ ಶುರುವಾದ ಮೇಲೆ ಇಲ್ಲಿನ ಜನರ ಮನಸ್ಸೂ ಬದಲಾಗಿದೆ. ಒಮ್ಮೆ ಸೇದಿ ಬಿಸಾಡುವ ವೇಪ್ ಮಾರಾಟ 2025ರ ಜೂನ್ 1ರಿಂದ ಇಡೀ ಬ್ರಿಟನ್‌ನಲ್ಲಿ ನಿಷೇಧ. ನಿಯಮಗಳು ಬಿಗಿಯಾಗುವ ಕಡೆಗೇ ಹೋಗುತ್ತಿವೆ. ಹೋದ ವರ್ಷ ಇಲ್ಲಿ ಸೇದಿದ್ದೆ ಅನ್ನೋ ಲೆಕ್ಕ ನಡೆಯುವುದಿಲ್ಲ, ಆಯಾ ದಿನ ಬೋರ್ಡು ನೋಡಬೇಕು.

ಕೆಲವು ಪದಗಳು

ಪಾಡ್ ಅಂದರೆ ಲಿಕ್ವಿಡ್ ತುಂಬುವ ಚಿಕ್ಕ ಡಬ್ಬಿ. ಕಾಯಿಲ್ ಅಂದರೆ ಅದರೊಳಗಿನ ತಂತಿ. ಬ್ಯಾಟರಿ ಆ ತಂತಿಯನ್ನು ಕಾಯಿಸುತ್ತದೆ, ಲಿಕ್ವಿಡ್ ಬಿಸಿಯಾಗಿ ಮಂಜಿನಂತೆ ಹೊರಬರುತ್ತದೆ. ಲಿಕ್ವಿಡ್‌ನಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ವಾಸನೆಗೆ ಹಾಕುವ ಫ್ಲೇವರ್, ಮತ್ತು ಹೆಚ್ಚಿನವುಗಳಲ್ಲಿ ನಿಕೋಟಿನ್. ಹಾಗಾಗಿ "ಬರೀ ನೀರಿನ ಆವಿ" ಅನ್ನುವುದು ತಪ್ಪು. ಸಿಗರೇಟಿನ ಹಾಗೆ ಏನೂ ಉರಿಯುವುದಿಲ್ಲ, ಟಾರ್ ಇರುವುದಿಲ್ಲ, ಅದು ನಿಜ. ನೀರಿನ ಆವಿ ಮಾತ್ರ ಅಲ್ಲ.

ನಿಕ್ ಸಾಲ್ಟ್ ಅಂದರೆ ಗಂಟಲಿಗೆ ಉರಿ ಕೊಡದೆ ಸಲೀಸಾಗಿ ಇಳಿಯುವ ನಿಕೋಟಿನ್. ಸಲೀಸು ಅಂತಲೇ ಜನ ಜಾಸ್ತಿ ಎಳೆಯುತ್ತಾರೆ. ಇಲ್ಲಿ ಒಂದು ಮಿಲಿ ಲೀಟರಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರುವಂತಿಲ್ಲ. ಡಬ್ಬಿಯ ಮೇಲೆ 2% ಅಂತ ಬರೆದಿದ್ದರೆ ಅದು ಈ ಮಿತಿಯೇ, ಎರಡೇ ಪರ್ಸೆಂಟ್ ಅಲ್ವಾ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ನು ಕ್ಲೌಡ್ ಅಂದರೆ ದೊಡ್ಡ ಬ್ಯಾಟರಿಯ ಯಂತ್ರದಿಂದ ಬಿಡುವ ದಟ್ಟ ಮೋಡ. ಜನ ಸಿಟ್ಟಾಗುವುದು ಇದಕ್ಕೇ.

1. ಜಾಗ ನೋಡಿ, ಬೋರ್ಡು ಇಲ್ಲದಿದ್ದರೆ ಕೇಳಿ

ಲಂಡನ್ನಿನ ಬಸ್ಸು, ಟ್ಯೂಬ್ ಅನ್ನೋ ನೆಲದಡಿಯ ರೈಲು, ಅವುಗಳ ಸ್ಟೇಷನ್ನು, ಎಲ್ಲ ಕಡೆ ವೇಪ್ ನಿಷಿದ್ಧ. ನೆಲದ ಮೇಲಿರುವ ತೆರೆದ ಪ್ಲಾಟ್‌ಫಾರಂನಲ್ಲೂ ಬೇಡ. ಊರೂರಿಗೆ ಹೋಗುವ ರೈಲುಗಳಲ್ಲೂ ಹೀಗೆಯೇ, ಟಾಯ್ಲೆಟ್ ಕೂಡ ಸೇರಿ. ವಿಮಾನದಲ್ಲಂತೂ ಬೇಡವೇ ಬೇಡ, ಟಾಯ್ಲೆಟ್‌ನಲ್ಲಿ ಹೊಗೆ ಪತ್ತೆ ಮಾಡುವ ಅಲಾರಂ ಇರುತ್ತದೆ, ವೇಪ್ ಸೇದಿದರೂ ಸಿಗರೇಟು ಸೇದಿದವರಂತೆಯೇ ನೋಡುತ್ತಾರೆ.

ಪಬ್, ರೆಸ್ಟೋರೆಂಟ್, ಅಂಗಡಿ ಆಯಾ ಮಾಲೀಕರ ಇಷ್ಟ. ವೆದರ್‌ಸ್ಪೂನ್‌ನಂಥ ದೊಡ್ಡ ಪಬ್ ಸರಣಿ ಒಳಗೆ ಬಿಡುವುದಿಲ್ಲ. ಚಿಕ್ಕ ಪಬ್ಬೊಂದರಲ್ಲಿ ಬಿಡಬಹುದು. ಯಾರೋ ಮೂಲೆಯಲ್ಲಿ ಸೇದುತ್ತಿದ್ದಾರೆ ಅಂತ ನೀವೂ ಶುರು ಮಾಡಬೇಡಿ, ಅವರು ಕದ್ದು ಸೇದುತ್ತಿರಬಹುದು. ಕೌಂಟರಿನಲ್ಲಿ "ಈಸ್ ಇಟ್ ಓಕೆ ಟು ವೇಪ್ ಹಿಯರ್?" ಅಂತ ಒಂದು ಮಾತು ಕೇಳಿದರೆ ಸಾಕು. ಯಾರೂ ತಪ್ಪು ತಿಳಿಯುವುದಿಲ್ಲ, ಬೇಡ ಅಂದರೆ ಹೊರಗೆ ಎಲ್ಲಿ ನಿಲ್ಲಬೇಕು ಅಂತ ಅವರೇ ತೋರಿಸುತ್ತಾರೆ.

ಆಫೀಸಿನಲ್ಲಿ ಎಚ್‌ಆರ್ ಕೊಟ್ಟ ನಿಯಮದ ಪುಸ್ತಕ ನೋಡಿ. ಅದರಲ್ಲಿ ಬರೀ ಸಿಗರೇಟಿನ ಮಾತಿದ್ದು ವೇಪ್ ಬಗ್ಗೆ ಏನೂ ಇಲ್ಲದಿದ್ದರೂ ಡೆಸ್ಕಿನಲ್ಲಿ ಕೂತು ಸೇದುವುದು ಬೇಡ. ಹೊಸದಾಗಿ ಸೇರಿದ ತಂಡದಲ್ಲಿ ಮೊದಲ ವಾರವೇ ಅಂಥ ಹೆಸರು ತೆಗೆದುಕೊಂಡರೆ ಅಳಿಸುವುದು ಕಷ್ಟ.

2. ಜೊತೆಗಿದ್ದವರನ್ನು ಕೇಳಿ, ಅವರ ಮುಖ ನೋಡಿ

ಕೇಳುವುದು ಬಾಯಿಮಾತಿಗೆ ಮಾತ್ರ ಆಗಬಾರದು. ಯಂತ್ರ ಬಾಯಿಗಿಟ್ಟುಕೊಂಡು "ಪರವಾಗಿಲ್ಲ ಅಲ್ವಾ?" ಅಂದರೆ ಯಾರು ತಾನೇ ಬೇಡ ಅಂತಾರೆ? ಜೇಬಿನಲ್ಲಿ ಇರುವಾಗಲೇ ಕೇಳಿ. ಇಲ್ಲಿನವರು "ಐ ಡೋಂಟ್ ಮೈಂಡ್" ಅಂತ ನಿಧಾನವಾಗಿ ಹೇಳಿ ಕುರ್ಚಿ ಒಂಚೂರು ಹಿಂದೆ ಸರಿಸಿದರೆ, ಅದು ಬೇಡ ಅಂತಲೇ.

ನಮ್ಮವರ ನಡುವೆ ಇನ್ನೂ ಸೂಕ್ಷ್ಮ. ಹಿರಿಯರ ಎದುರು ಸಿಗರೇಟು ಸೇದದ ಮರ್ಯಾದೆ ನಮ್ಮಲ್ಲಿ ಇನ್ನೂ ಇದೆ. ವೇಪ್ ಸಿಗರೇಟಲ್ಲ ಅನ್ನೋ ವಾದ ಅಲ್ಲಿ ನಡೆಯುವುದಿಲ್ಲ, ನಡೆಸಲೂ ಹೋಗಬೇಡಿ. ಯುಗಾದಿ, ರಾಜ್ಯೋತ್ಸವ ಅಂತ ಬಾಡಿಗೆ ಹಾಲಿನಲ್ಲಿ ಎಲ್ಲರೂ ಸೇರಿದಾಗ, ಮಕ್ಕಳು ಓಡಾಡುವ ಕಾರಿಡಾರ್, ಟಾಯ್ಲೆಟ್, ಊಟದ ಸಾಲಿನ ಹತ್ತಿರದ ಬಾಗಿಲು, ಇವು ಮೂರೂ ಬೇಡ. ಹಾಲ್ ಬುಕ್ ಮಾಡಿದವರ ಡೆಪಾಸಿಟ್ ನಿಮ್ಮ ಕೈಯಲ್ಲಿದೆ ಅನ್ನೋದು ನೆನಪಿರಲಿ. ಕಾರ್ ಪಾರ್ಕಿಂಗಿನ ಆ ತುದಿಗೆ ಹೋಗಿ ಬನ್ನಿ.

ಸ್ನೇಹಿತರಿಗೆ "ಒಂದು ದಂ ಎಳೆದು ನೋಡು" ಅಂತ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಒಂದೇ ಬಾಯಿಕೊಳವೆ ಹತ್ತು ಜನರ ಬಾಯಿಗೆ ಹೋಗುವುದು ಕೊಳಕು ಅನ್ನೋದು ಒಂದು. ನಿಕೋಟಿನ್ ಚಟ ಶುರುವಾಗುವುದೇ ಇಂಥ ಪ್ರೀತಿಯ ಒತ್ತಾಯದಿಂದ ಅನ್ನೋದು ಇನ್ನೊಂದು, ಅದೇ ದೊಡ್ಡದು. 18 ತುಂಬದವರಿಗೆ ಮಾರುವುದೂ, ದೊಡ್ಡವರು ಅವರಿಗಾಗಿ ಕೊಂಡು ಕೊಡುವುದೂ ಇಲ್ಲಿ ಅಪರಾಧ.

3. ಹೊರಗೆ ಸೇದುವಾಗ ಗಾಳಿ ಯಾವ ಕಡೆ ಅಂತ ನೋಡಿ

ಸಿಗರೇಟಿನ ಹೊಗೆಗಿಂತ ವೇಪ್ ಮಂಜು ಬೇಗ ಕರಗುತ್ತದೆ. ಆದರೆ ಮುಖಕ್ಕೆ ಬಂದರೆ ಕರಗುವ ಹೊತ್ತು ಎಲ್ಲಿ? ಆಸ್ತಮಾ ಇರುವವರಿಗೆ ಅದು ಕೆಮ್ಮು ಎಬ್ಬಿಸಬಹುದು, ಕೆಲವರಿಗೆ ಆ ಸಿಹಿ ವಾಸನೆಗೇ ತಲೆನೋವು. ಹಾಗಾಗಿ:

ಬಸ್ಸಿನ ಸಾಲಲ್ಲಿ ನಿಂತಾಗ ಸೇದಬೇಡಿ. ಸಾಲು ಬಿಟ್ಟು ಹೋಗೋಕೆ ಆಗದೆ ಜನ ಸುಮ್ನೆ ಸಹಿಸುತ್ತಾರೆ. ಅಂಗಡಿ, ಆಸ್ಪತ್ರೆ, ಆಫೀಸಿನ ಬಾಗಿಲಿಗೆ ಅಂಟಿಕೊಂಡು ನಿಲ್ಲಬೇಡಿ, ಒಳಗೆ ಹೋಗುವ ಪ್ರತಿಯೊಬ್ಬರೂ ಆ ಮೋಡದೊಳಗೇ ಹಾದು ಹೋಗಬೇಕಾಗುತ್ತದೆ. ಕಿರಿದಾದ ಫುಟ್‌ಪಾತ್‌ನಲ್ಲಿ ನಡೆಯುತ್ತಾ ಬಿಟ್ಟರೆ ಹಿಂದೆ ಬರುವವರ ಮುಖಕ್ಕೆ ಹೋಗುತ್ತದೆ, ಅದರಲ್ಲೂ ಮಗುವಿನ ತಳ್ಳುಗಾಡಿ ಇದ್ದರೆ ಸರಿಯಾಗಿ ಮಗುವಿನ ಮುಖಕ್ಕೇ. ಸೇದಲೇಬೇಕು ಅಂದರೆ ಒಂದು ಪಕ್ಕಕ್ಕೆ ನಿಂತು, ಗಾಳಿ ಹೋಗುವ ಕಡೆಗೆ, ತಲೆ ತಗ್ಗಿಸಿ ನೆಲದತ್ತ ಬಿಡಿ. ಚಿಕ್ಕ ದಂ ಸಾಕು. ದೊಡ್ಡ ಮೋಡ ಬಿಡುವ ಆಸೆ ಇದ್ದರೆ ಅದಕ್ಕೆ ಊರ ನಡುವಿನ ರಸ್ತೆ ಜಾಗವಲ್ಲ.

ಮಕ್ಕಳ ಆಟದ ಮೈದಾನ, ಶಾಲೆಯ ಗೇಟು: ಯಂತ್ರ ಜೇಬಿನಿಂದ ಹೊರಗೇ ಬರಬಾರದು. ಬೋರ್ಡು ಇರಲಿ, ಇಲ್ಲದಿರಲಿ.

ಕಾರಿನ ಬಗ್ಗೆಯೂ ಕೇಳುತ್ತಾರೆ. 18ಕ್ಕಿಂತ ಚಿಕ್ಕವರು ಕಾರಿನಲ್ಲಿದ್ದಾಗ ಸಿಗರೇಟು ಸೇದುವುದನ್ನು ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್ 1ರಿಂದ ನಿಲ್ಲಿಸಿದರು. ಆ ನಿಯಮದಲ್ಲಿ ವೇಪ್ ಸೇರಿರಲಿಲ್ಲ. ಆದರೂ ಮುಚ್ಚಿದ ಕಾರಿನಲ್ಲಿ ಮಗು ಹಿಂದೆ ಕೂತಿರುವಾಗ ಸೇದುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಜೊತೆಗೆ ಚಾಲಕನ ಮುಂದೆಯೇ ಮಂಜು ಕವಿದರೆ ರಸ್ತೆ ಕಾಣುವುದಿಲ್ಲ.

4. ಬಾಡಿಗೆ ಮನೆ, ಹಾಸ್ಟೆಲ್: ಇಲ್ಲಿ ಹಣ ಹೋಗುತ್ತದೆ

ಸಾರ್ವಜನಿಕ ಜಾಗ ಅಂದರೆ ರಸ್ತೆ, ಬಸ್ಸು ಮಾತ್ರ ಅಂದುಕೊಳ್ಳುತ್ತೇವೆ. ಹತ್ತಾರು ಜನ ಒಂದೇ ಅಡುಗೆಮನೆ, ಒಂದೇ ಕಾರಿಡಾರ್ ಹಂಚಿಕೊಳ್ಳುವ ಸ್ಟೂಡೆಂಟ್ ಹಾಸ್ಟೆಲ್ ಕೂಡ ಅದೇ ಲೆಕ್ಕ. ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಇಲ್ಲೇ.

ಕೋಣೆಯ ಚಾವಣಿಯಲ್ಲಿರುವ ಹೊಗೆ ಅಲಾರಂಗಳಲ್ಲಿ ಬಹಳಷ್ಟು, ಬೆಳಕಿನ ಕಿರಣಕ್ಕೆ ಕಣಗಳು ಅಡ್ಡ ಬಂದರೆ ಕೂಗುತ್ತವೆ. ಅವಕ್ಕೆ ಬೆಂಕಿಯ ಹೊಗೆ, ವೇಪ್ ಮಂಜು ಅನ್ನೋ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ಅಲಾರಂ ಕೂಗಿದರೆ ಇಡೀ ಕಟ್ಟಡ ಚಳಿಯಲ್ಲಿ ಹೊರಗೆ ನಿಲ್ಲಬೇಕಾಗಬಹುದು. ಮರುದಿನ ಪರೀಕ್ಷೆ ಇರುವವರೂ ಅವರಲ್ಲಿ ಇರುತ್ತಾರೆ. ಇದಕ್ಕೆ ಹೆದರಿ ಅಲಾರಂಗೆ ಪ್ಲಾಸ್ಟಿಕ್ ಕವರೋ ಕಾಲುಚೀಲವೋ ಕಟ್ಟುವವರಿದ್ದಾರೆ. ಇದನ್ನು ಮಾತ್ರ ಎಂದಿಗೂ ಮಾಡಬೇಡಿ. ನಿಜವಾದ ಬೆಂಕಿ ಬಿದ್ದರೆ ಪ್ರಾಣ ಹೋಗುತ್ತದೆ. ಸಿಕ್ಕಿಬಿದ್ದರೆ ದಂಡ ಕಟ್ಟಿಸಬಹುದು, ಕೋಣೆಯನ್ನೇ ಖಾಲಿ ಮಾಡಿಸಬಹುದು.

ಬಾಡಿಗೆ ಮನೆಗೆ ಸಹಿ ಹಾಕುವಾಗ ಕರಾರು ಪತ್ರದಲ್ಲಿ "ನೋ ಸ್ಮೋಕಿಂಗ್" ಅನ್ನೋ ಸಾಲಿನಲ್ಲಿ ವೇಪಿಂಗ್ ಕೂಡ ಇದೆಯಾ ಅಂತ ಓದಿ. ಗ್ಲಿಸರಿನ್ ಕಿಟಕಿ ಗಾಜಿನ ಮೇಲೆ, ಗೋಡೆಯ ಮೇಲೆ ಅಂಟಂಟಾದ ಪದರ ಬಿಡುತ್ತದೆ. ಮನೆ ಬಿಡುವಾಗ ಅದನ್ನು ಉಜ್ಜಿ ತೆಗೆಯದಿದ್ದರೆ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ಹೋಟೆಲ್ ಕೋಣೆಯಲ್ಲಿ ಸೇದಿದರೂ ಕ್ಲೀನಿಂಗ್ ಚಾರ್ಜ್ ಅಂತ ಕಾರ್ಡಿನಿಂದ ಎಳೆದುಕೊಳ್ಳಬಹುದು.

ಮಕ್ಕಳಿರುವ ಮನೆಗೆ ಊಟಕ್ಕೆ ಹೋದಾಗ ವೇಪನ್ನು ಟೀಪಾಯಿ ಮೇಲೆ, ಸೋಫಾ ಮೇಲೆ ಇಡಬೇಡಿ. ಬಣ್ಣ ಆಟದ ಸಾಮಾನಿನ ಹಾಗೆ, ವಾಸನೆ ಚಾಕೊಲೇಟಿನ ಹಾಗೆ. ನಿಕೋಟಿನ್ ಲಿಕ್ವಿಡ್ ಚಿಕ್ಕ ಮಗುವಿಗೆ ವಿಷ. ಬಾಟಲಿ ಜೊತೆಗಿದ್ದರೆ ನಿಮ್ಮ ಚೀಲದೊಳಗೆ, ಚೀಲ ಎತ್ತರದಲ್ಲಿ. ಮಗು ನುಂಗಿರಬಹುದು ಅಂತ ಅನುಮಾನ ಬಂದರೆ ಕಾಯಬೇಡಿ, ಕೂಡಲೇ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆ ಮಾಡಿ, ಮಗು ಮಂಕಾದರೆ ಅಥವಾ ಉಸಿರಾಟಕ್ಕೆ ಕಷ್ಟಪಟ್ಟರೆ ತುರ್ತು ನಂಬರ್ 999.

5. ಬೇರೆಯವರ ವೇಪ್ ನಿಮಗೆ ತೊಂದರೆ ಕೊಟ್ಟರೆ

ಇದು ಸೇದದವರಿಗೆ. ಸುಮ್ಮನಿರಬೇಕಾಗಿಲ್ಲ, ಜಗಳವನ್ನೂ ಆಡಬೇಕಾಗಿಲ್ಲ.

ಮೊದಲು, ನೀವು ಸರಿಯಬಹುದಾ ಅಂತ ನೋಡಿ. ತೆರೆದ ಪಾರ್ಕಿನಲ್ಲಿ ಎರಡು ಹೆಜ್ಜೆ ಆ ಕಡೆ ಹೋದರೆ ಮುಗಿಯುವ ವಿಷಯಕ್ಕೆ ಮಾತು ಬೇಡ. ಸರಿಯೋಕೆ ಆಗದಿದ್ದರೆ ಕೇಳಿ. ಇಲ್ಲಿ ಮಾತು ಶುರುವಾಗುವುದೇ ಸಾರಿ ಅಂತ. "ಸಾರಿ, ವುಡ್ ಯು ಮೈಂಡ್ ವೇಪಿಂಗ್ ಎ ಬಿಟ್ ಫರ್ದರ್ ಅವೇ? ಇಟ್ಸ್ ಬ್ಲೋಯಿಂಗ್ ಓವರ್ ಹಿಯರ್." ಇಷ್ಟು ಸಾಕು. ಇದರಲ್ಲಿ ತಪ್ಪು ಗಾಳಿಯ ಮೇಲೆ ಹೋಗುತ್ತದೆ, ಎದುರಿನವರ ಮೇಲಲ್ಲ. ಹೆಚ್ಚಿನವರು ಸಾರಿ ಅಂತ ಕೂಡಲೇ ದೂರ ಹೋಗುತ್ತಾರೆ. "ಇದು ಆರೋಗ್ಯಕ್ಕೆ ಕೆಟ್ಟದ್ದು ಗೊತ್ತಾ" ಅಂತ ಪಾಠ ಶುರು ಮಾಡಿದರೆ ಕೆಲಸ ಕೆಟ್ಟಿತು. ಅವರು ಸಿಗರೇಟು ಬಿಡೋಕೆ ವರ್ಷಗಟ್ಟಲೆ ಒದ್ದಾಡಿ ಕೊನೆಗೆ ಇದನ್ನು ಹಿಡಿದಿರಬಹುದು, ನಿಮ್ಮ ಮಾತು ಅವರಿಗೆ ಸಿಗರೇಟಿನ ಕಡೆಗೆ ತಳ್ಳಿದ ಹಾಗೆ ಕೇಳಿಸುತ್ತದೆ.

ನಮ್ಮವರಾದರೆ ನಮ್ಮ ಮಾತಲ್ಲೇ: "ಅಣ್ಣ, ಸ್ವಲ್ಪ ಆ ಕಡೆ ಹೋಗಿ ಸೇದ್ತೀರಾ, ಪಾಪುಗೆ ಕೆಮ್ಮು." ಸಲುಗೆಯ ಗೆಳೆಯನಾದರೆ "ಆ ಕಡೆ ಹೋಗೋ ಮಾರಾಯ" ಅಂದರೂ ನಡೆಯುತ್ತದೆ. ಎಲ್ಲರ ಎದುರು ಹೇಳಬೇಡಿ, ಪಕ್ಕಕ್ಕೆ ಕರೆದು ಹೇಳಿ.

ರೈಲಿನಲ್ಲಿ ಗುಂಪಾಗಿ ಕೂತು ಸೇದುತ್ತಿದ್ದರೆ, ಕುಡಿದಿದ್ದರೆ, ನೀವಾಗಿ ಹೋಗಬೇಡಿ. ಗಾರ್ಡಿಗೆ ಹೇಳಿ, ಇಲ್ಲವೇ ಬೋಗಿ ಬದಲಿಸಿ. ಬೆದರಿಸಿದರೆ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಪೊಲೀಸರಿಗೆ 61016 ನಂಬರಿಗೆ ಮೆಸೇಜ್ ಕಳಿಸಬಹುದು, ಬೋಗಿ ಯಾವುದು, ಮುಂದಿನ ಸ್ಟೇಷನ್ ಯಾವುದು ಅಂತ ಬರೆಯಿರಿ. ಪ್ರಾಣಾಪಾಯ ಅನ್ನಿಸಿದರೆ 999. ಅವರ ವಿಡಿಯೋ ತೆಗೆಯೋಕೆ ಹೋಗಬೇಡಿ, ಚಿಕ್ಕದು ದೊಡ್ಡದಾಗುವುದು ಅಲ್ಲಿಂದಲೇ.

6. ಖಾಲಿಯಾದದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ

ಒಳಗೆ ಲಿಥಿಯಂ ಬ್ಯಾಟರಿ ಇದೆ. ಕಸದ ಲಾರಿಯಲ್ಲಿ ಒತ್ತಿ ಪುಡಿಯಾದಾಗ ಬೆಂಕಿ ಹತ್ತುತ್ತದೆ. ನಿಷೇಧಕ್ಕೆ ಮುಂಚೆ, 2023ರಲ್ಲಿ, ಬ್ರಿಟನ್‌ನಲ್ಲಿ ವಾರಕ್ಕೆ ಸುಮಾರು 50 ಲಕ್ಷ ಡಿಸ್ಪೋಸಬಲ್‌ಗಳು ಕಸಕ್ಕೆ ಹೋಗುತ್ತಿದ್ದವು ಅನ್ನುವುದು ಮೆಟೀರಿಯಲ್ ಫೋಕಸ್ ಸಂಸ್ಥೆಯ ಅಂದಾಜು. ವೇಪ್ ಮಾರುವ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಬೇಕು, ಅಲ್ಲಿಗೇ ಕೊಡಿ.

7. ಊರಿಗೆ ಹೊರಡುವ ಮುಂಚೆ: ಇಲ್ಲೇ ಬಿಟ್ಟು ಹೊರಡಿ

ಇಲ್ಲಿ ಮಾತ್ರ ಸುತ್ತು ಬಳಸಿ ಹೇಳುವುದಿಲ್ಲ. ಭಾರತಕ್ಕೆ ವೇಪ್ ತರಬೇಡಿ. ಒಂದನ್ನೂ ತರಬೇಡಿ.

ಕರ್ನಾಟಕದಲ್ಲಿ ಇ-ಸಿಗರೇಟಿನ ಮಾರಾಟಕ್ಕೆ ರಾಜ್ಯ ಸರ್ಕಾರ 2016ರಲ್ಲೇ ನಿಷೇಧ ಹಾಕಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಸುಗ್ರೀವಾಜ್ಞೆ ಬಂದದ್ದು 2019ರ ಸೆಪ್ಟೆಂಬರ್ 18ಕ್ಕೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನಿಗೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಅಥವಾ ಎರಡೂ.

"ಸೇದುವುದಕ್ಕೆ ಅಂತ ಬೇರೆ ಶಿಕ್ಷೆ ಬರೆದಿಲ್ಲವಲ್ಲ, ನಾನು ಮಾರೋಕೆ ತಂದಿಲ್ಲ" ಅಂತ ವಾದಿಸುವವರು ಬಹಳ. ಕಸ್ಟಮ್ಸ್ ಕೌಂಟರಿನ ಎದುರು ಈ ವಾದವನ್ನು ನಂಬಿಕೊಂಡು ನಿಲ್ಲಬೇಡಿ. ಹೊರದೇಶದಿಂದ ತಂದರೆ ಅದು ಆಮದು. ಗೆಳೆಯರಿಗೆ ಅಂತ ನಾಲ್ಕೈದು ತಂದರೆ ಹೇಳುವುದೇ ಬೇಡ. ಬೆಂಗಳೂರಿನ ಪಬ್‌ಗಳಲ್ಲಿ ಸೇದುವವರನ್ನು ನೋಡಿ, ಅಲ್ಲಿ ನಡೆಯುತ್ತದೆ ಅಂದುಕೊಳ್ಳುವುದೂ ಇಂಥದೇ ತಪ್ಪು.

ದಾರಿಯಲ್ಲಿ ಇಳಿಯುವ ದೇಶಗಳನ್ನೂ ನೋಡಿಕೊಳ್ಳಿ. ಸಿಂಗಪುರದಲ್ಲಿ ಹತ್ತಿರ ಇಟ್ಟುಕೊಳ್ಳುವುದೇ 2018ರಿಂದ ಅಪರಾಧ, 2025ರ ಸೆಪ್ಟೆಂಬರ್‌ನಿಂದ ಶಿಕ್ಷೆ ಇನ್ನೂ ಬಿಗಿಯಾಗಿದೆ, ಪ್ರವಾಸಿ ಅಂತ ಬಿಡುವುದಿಲ್ಲ. ರಜಕ್ಕೆ ಥಾಯ್ಲೆಂಡಿಗೆ ಹೋಗುವವರೂ ಎಚ್ಚರ, ರಸ್ತೆಯಲ್ಲಿ ಮಾರುವುದು ಕಂಡರೂ ಅಲ್ಲಿ ಆಮದು 2014ರಿಂದ, ಮಾರಾಟ 2015ರಿಂದ ನಿಷಿದ್ಧ. ಇನ್ನು ವೇಪ್‌ಗೆ ಅನುಮತಿ ಇರುವ ದೇಶಗಳ ನಡುವೆ ವಿಮಾನದಲ್ಲಿ ಹೋಗುವಾಗ ಅದು ಕೈಚೀಲದಲ್ಲೇ ಇರಬೇಕು. ಬ್ಯಾಟರಿ ಕಾರಣಕ್ಕೆ ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ವಿಮಾನದಲ್ಲಿ ಚಾರ್ಜ್ ಮಾಡುವಂತಿಲ್ಲ.

ಹಾಗಾದರೆ ಮೂರು ವಾರ ಊರಲ್ಲಿ ಏನು ಮಾಡುವುದು? ನಿಕೋಟಿನ್ ಅಭ್ಯಾಸ ಇದ್ದವರಿಗೆ ಮೊದಲ ಕೆಲವು ದಿನ ಸಿಡುಕು, ತಲೆನೋವು, ನಿದ್ದೆ ಬಾರದಿರುವುದು ಸಹಜ. ಅದನ್ನು ತಡೆಯಲಾರದೆ ಅಂಗಡಿಗೆ ಹೋಗಿ ಸಿಗರೇಟು ಶುರು ಮಾಡುವವರಿದ್ದಾರೆ, ಅದೇ ದೊಡ್ಡ ನಷ್ಟ. ಹೊರಡುವ ಕೆಲವು ವಾರ ಮುಂಚೆಯೇ ಲಿಕ್ವಿಡ್‌ನ ನಿಕೋಟಿನ್ ಪ್ರಮಾಣ ಇಳಿಸುತ್ತಾ ಬನ್ನಿ, 20 ಇದ್ದರೆ 10ಕ್ಕೆ. ನಿಕೋಟಿನ್ ಗಮ್ ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬಿ.ಪಿ., ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಪೂರ್ತಿ ಬಿಡಬೇಕು ಅಂತ ಅನ್ನಿಸಿದರೆ ಆ ರಜದಲ್ಲೇ ಶುರು ಮಾಡಿ. ಕೈಗೆ ಯಂತ್ರ ಸಿಗದ, ಮನೆಯವರು ಜೊತೆಗಿರುವ ಇಂಥ ಹೊತ್ತು ಮತ್ತೆ ಬೇಗ ಸಿಗುವುದಿಲ್ಲ. ತಂಬಾಕು ಬಿಡುವವರಿಗೆ ಭಾರತ ಸರ್ಕಾರದ ಉಚಿತ ಸಹಾಯವಾಣಿ 1800-11-2356, ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಇಂಗ್ಲೆಂಡಿಗೆ ವಾಪಸ್ ಬಂದ ಮೇಲೆ ನಿಮ್ಮ ಜಿಪಿಯನ್ನೋ (ನಿಮ್ಮ ಹೆಸರು ನೋಂದಾಯಿಸಿರುವ ಡಾಕ್ಟರು) ಹತ್ತಿರದ ಸ್ಟಾಪ್ ಸ್ಮೋಕಿಂಗ್ ಕೇಂದ್ರವನ್ನೋ ಕೇಳಿ, ವೇಪ್ ಬಿಡುವುದಕ್ಕೂ ಸಲಹೆ ಸಿಗುತ್ತದೆ.